ಸೀಗೆಹುಂಡಿಗೆ ಹಸಿರು ಗುರುತು

ಯಾವ ಊರಿನಲ್ಲಿ ಯಾರು ತಕರಾರು ತೆಗೆಯಬಹುದು ಎಂದು ಮುಂಚೆಯೇ ತಿಳಿದು ಹೇಳುವುದು ಬಿಂದುಶ್ರೀಯ ಕೆಲಸವಾಗಿತ್ತು. ಇಂಥದ್ದಕ್ಕೂ ಸಂಬಳ ಕೊಡುವವರಿದ್ದಾರೆಯೇ ಎಂದು ಮೈಸೂರಿನ ಚಾಮರಾಜಪುರಂನ ನೆಂಟರಿಗೆಲ್ಲ ಅನುಮಾನ. ಕಂಪನಿಯ ಹೆಸರಿನಲ್ಲಿ ಸೋಲಾರ್ ಎಂದಿದ್ದದ್ದರಿಂದ ಅವಳು ಬಚ್ಚಲುಮನೆಗೆ ನೀರು ಕಾಯಿಸುವ ಸೋಲಾರ್ ಮಾರುತ್ತಾಳೆ ಎಂದೇ ಅವರು ತಿಳಿದಿದ್ದರು. ಮದುವೆ ಮನೆಗಳಲ್ಲಿ ಹಿಡಿದು ನಿಲ್ಲಿಸಿ, ನಮಗೂ ಒಂದು ಕಡಿಮೆ ರೇಟಿಗೆ ಹಾಕಿಸಿಕೊಡೇ ಎನ್ನುತ್ತಿದ್ದರು. ಅವಳು ನಕ್ಕು ಹೂಂಗುಟ್ಟುತ್ತಿದ್ದಳು. ವಿವರಿಸಲು ಹೊರಟರೆ ಪಂಕ್ತಿಯಲ್ಲಿ ಪಾಯಸ ಮುಂದೆ ಹೋಗಿಬಿಡುತ್ತಿತ್ತು.

ಅದು ಎರಡು ಸಾವಿರದ ಒಂಬತ್ತನೇ ಇಸವಿ. ಬೆಂಗಳೂರಿನ ಆ ಕಂಪನಿ ಮೈಸೂರು ಜಿಲ್ಲೆಯಲ್ಲಿ ಬಿಸಿಲಿನಿಂದ ಕರೆಂಟು ತೆಗೆಯುವ ಘಟಕ ಹಾಕಲು ಜಾಗ ಹುಡುಕುತ್ತಿತ್ತು. ಎಕರೆಗಟ್ಟಲೆ ನೆಲದ ಮೇಲೆ ಗಾಜಿನ ಹಲಗೆ ಹರಡಬೇಕು, ಆಮೇಲೆ ಇಪ್ಪತ್ತೈದು ವರ್ಷ ಅದರ ತಂಟೆಗೆ ಯಾರೂ ಬರಬಾರದು. ಬಿಸಿಲು ಅಳೆಯುವುದಕ್ಕೆ ಕಂಪನಿಯ ಹತ್ತಿರ ಯಂತ್ರವಿತ್ತು. ಊರವರ ಮನಸ್ಸು ಅಳೆಯುವುದಕ್ಕೆ ಯಂತ್ರವಿರಲಿಲ್ಲ, ಅದಕ್ಕೆ ಬಿಂದುಶ್ರೀಯನ್ನು ಇಟ್ಟುಕೊಂಡಿದ್ದರು. ಮೈಸೂರಿನಲ್ಲೇ ವಿದ್ಯಾರಣ್ಯಪುರಂನ ಒಂದು ಮನೆಯ ಮಹಡಿಯ ಮೇಲೆ ಆಫೀಸು. ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ರುದ್ರಸ್ವಾಮಿ ಅಲ್ಲಿಯ ಮುಖ್ಯಸ್ಥರು. ಒಳ್ಳೆಯ ಮನುಷ್ಯ, ಆದರೆ ಬೆಂಗಳೂರಿನಿಂದ ಫೋನು ಬಂದರೆ ಕುರ್ಚಿ ಬಿಟ್ಟು ಎದ್ದು ನಿಂತು ಮಾತಾಡುವಷ್ಟು ಪುಕ್ಕಲು.

ಪ್ರತಿ ಜಾಗಕ್ಕೂ ಅವಳು ಒಂದು ವರದಿ ಬರೆಯಬೇಕಿತ್ತು. ಸರ್ಕಾರದ ಅನುಮತಿಗೆ ಎಲ್ಲಿ ಅಡ್ಡಿ ಬರಬಹುದು, ರಾಜಕೀಯದವರು ಯಾರು ಅಡ್ಡಗಾಲು ಹಾಕಬಹುದು, ಊರಿನಲ್ಲಿ ಯಾರು ಕೋರ್ಟಿಗೆ ಹೋಗಬಹುದು, ಇವೇ ಪ್ರಶ್ನೆಗಳು. ಅಡ್ಡಿ ಖಂಡಿತ ಎಂದಾದರೆ ಕೆಂಪು, ಇರಬಹುದು ಎಂದರೆ ಹಳದಿ, ಏನೂ ಇಲ್ಲವೆಂದರೆ ಹಸಿರು. ಒಂದೇ ಒಂದು ಕೆಂಪು ಬಿದ್ದರೂ ಕಂಪನಿ ಆ ಜಾಗ ಬಿಟ್ಟು ಬೇರೆ ಕಡೆ ನೋಡುತ್ತಿತ್ತು. ಕೋರ್ಟಿನ ತಡೆಯಾಜ್ಞೆ ಎಂದರೆ ಅವರಿಗೆ ಅಷ್ಟು ಭಯ.

ಈ ವಿದ್ಯೆಯನ್ನು ಅವಳು ಕಲಿತದ್ದು ಮಾನಸಗಂಗೋತ್ರಿಯಲ್ಲಿ ಓದಿ ಅಲ್ಲ, ಅಪ್ಪನ ಜೀಪಿನಲ್ಲಿ ಕೂತು. ಸದಾಶಿವಯ್ಯ ತೊಂಬತ್ತೈದರಲ್ಲಿ ಗೆದ್ದು ಐದು ವರ್ಷ ಜಿಲ್ಲಾ ಪಂಚಾಯಿತಿ ಸದಸ್ಯರಾಗಿದ್ದವರು. ಸಂತೇಪೇಟೆಯಲ್ಲಿ ಧಾನ್ಯದ ಮಂಡಿ, ಮಠದ ಕಡೆಯ ಬಳಕೆ, ತುಂಬಿದ ಮೈಕಟ್ಟು, ಗಟ್ಟಿ ಕಂಠ. ರಜಾ ದಿನಗಳಲ್ಲಿ ಮಗಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹಳ್ಳಿ ಸುತ್ತುತ್ತಿದ್ದರು. ಸಭೆಯಲ್ಲಿ ಮಾತಾಡುವವನನ್ನು ನೋಡಬೇಡ ಮಗಾ, ಉಳಿದವರು ಯಾರು ಬಾಯಿ ಬಿಡಲಿ ಎಂದು ಕಾಯುತ್ತಿದ್ದಾರೆ ನೋಡು, ಊರು ಇರುವುದು ಅವನ ಕೈಯಲ್ಲಿ, ಎಂದು ಅವಳಿಗೆ ಹೇಳಿಕೊಟ್ಟಿದ್ದರು. ಹದಿಮೂರು ಹದಿನಾಲ್ಕು ವರ್ಷದ ಹುಡುಗಿ ಅದನ್ನು ಆಟದ ಹಾಗೆ ಕಲಿತಳು. ಈಗ ಅದೇ ಅವಳ ಅನ್ನವಾಗಿತ್ತು.

ಆ ಕಾಲದಲ್ಲಿ ಅವರ ಮನೆಯ ಜಗುಲಿಯಲ್ಲಿ ಬೆಳಗ್ಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಬೋರ್‌ವೆಲ್ ಕೇಳುವವರು, ವರ್ಗಾವಣೆ ಕೇಳುವವರು, ಸುಮ್ಮನೆ ಮುಖ ತೋರಿಸಲು ಬಂದವರು. ಒಲೆಯ ಮುಂದೆ ನಿಂತು ಕಾಫಿ ಬೆರೆಸಿ ಬೆರೆಸಿ ಬಿಂದುಶ್ರೀಯ ತಾಯಿ ಪ್ರೇಮಲೀಲಾ ಸಾಕಾಗಿ ಹೋಗಿದ್ದರು. ಎರಡು ಸಾವಿರದ ಚುನಾವಣೆಯಲ್ಲಿ ಸದಾಶಿವಯ್ಯ ಸೋತರು. ಜನ ಒಂದೇ ದಿನದಲ್ಲಿ ಬಿಟ್ಟುಹೋಗಲಿಲ್ಲ, ಪಾಪ, ಮರ್ಯಾದೆಗೆ ಸ್ವಲ್ಪ ಕಾಲ ಬಂದರು. ಆಮೇಲೆ ಅವರ ಮೋಟಾರು ಸೈಕಲ್ಲುಗಳು ಬೇರೆ ಮನೆಗಳ ಮುಂದೆ ನಿಲ್ಲತೊಡಗಿದವು. ಸದಾಶಿವಯ್ಯ ಮಾತ್ರ ಇಸ್ತ್ರಿ ಮಾಡಿದ ಖಾದಿ ಜುಬ್ಬ ತೊಟ್ಟು ಎಂಟು ಗಂಟೆಗೆ ಸರಿಯಾಗಿ ಜಗುಲಿಯ ಬೆತ್ತದ ಕುರ್ಚಿಯಲ್ಲಿ ಕೂರುವುದನ್ನು ಬಿಡಲಿಲ್ಲ. ಗ್ಯಾಸ್ ಸಿಲಿಂಡರ್ ತರುವವನನ್ನೂ ಕೂರಿಸಿ, ಏನಪ್ಪಾ ನಿಮ್ಮ ಕಡೆ ಸಮಾಚಾರ ಎಂದು ಕೇಳುತ್ತಿದ್ದರು. ಅವನು ಗಡಿಯಾರ ನೋಡುತ್ತ ಉತ್ತರ ಕೊಡುವುದನ್ನು ನೋಡಿದರೆ ಬಿಂದುಶ್ರೀಗೆ ಕರುಳು ಕಿತ್ತು ಬರುತ್ತಿತ್ತು.

ಆ ವರ್ಷ ಫೆಬ್ರವರಿಯಲ್ಲಿ ಕಂಪನಿಯ ಕಣ್ಣು ಸೀಗೆಹುಂಡಿಯ ಮೇಲೆ ಬಿತ್ತು. ನಂಜನಗೂಡು ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ಊರು, ಅಲ್ಲಿ ವಿಶಾಲವಾದ ಗೋಮಾಳ. ದನ ಮೇಯಲೆಂದು ಸರ್ಕಾರ ಬಿಟ್ಟ ನೆಲ ಅದು, ದನಗಳು ಕಡಿಮೆಯಾಗಿ ಎಷ್ಟೋ ಕಾಲವಾಗಿತ್ತು. ಸರ್ಕಾರ ಮನಸ್ಸು ಮಾಡಿದರೆ ಕಂಪನಿಗೆ ಗುತ್ತಿಗೆ ಕೊಡಬಹುದು. ಸೀಗೆಹುಂಡಿ ಅಪ್ಪನ ಹಳೆಯ ಕ್ಷೇತ್ರದ ಊರೇ ಎಂದು ಬಿಂದುಶ್ರೀಗೆ ಖುಷಿಯಾಯಿತು. ಅಪ್ಪನಿಗೆ ಇನ್ನೂ ಖುಷಿಯಾಯಿತು. ನನ್ನ ಕೇಳದೆ ಅಲ್ಲಿ ಒಂದು ಕಂಬ ನಿಲ್ಲೋದಿಲ್ಲ ಕಣಮ್ಮ, ನಿಮ್ಮ ಸಾಹೇಬರನ್ನ ಒಂದು ಸಲ ಕರಕೊಂಡು ಬಾ, ಎಂದರು. ಅವಳು ಆಗಲಿ ಎಂದಳು.

ತಾಲ್ಲೂಕು ಕಚೇರಿಯಲ್ಲಿ ನೋಡಿದರೆ ದಾಖಲೆ ತೊಳೆದಿಟ್ಟಷ್ಟು ಚೊಕ್ಕಟ. ಸರ್ಕಾರಿ ಗೋಮಾಳ, ಯಾರ ಅರ್ಜಿಯೂ ಬಾಕಿಯಿಲ್ಲ, ಯಾವ ಮೊಕದ್ದಮೆಯೂ ಇಲ್ಲ. ಪಂಚಾಯಿತಿ ಅಧ್ಯಕ್ಷ ಗುರುಸಿದ್ದಯ್ಯ ಟೀ ತರಿಸಿ, ಊರಿಗೊಂದು ಟಾರು ರಸ್ತೆ ಹಾಕಿಸಿಕೊಟ್ಟರೆ ಸಾಕು, ನಿರಾಕ್ಷೇಪಣಾ ಪತ್ರ ನಾಳೆಯೇ ಎಂದರು. ಇಷ್ಟು ಸಲೀಸಾದರೆ ಬಿಂದುಶ್ರೀಗೆ ಸಂಶಯ. ಗೋಮಾಳದ ಪಡುವಣ ಭಾಗದಲ್ಲಿ ರಾಗಿ ಕೊಯ್ದ ಕೂಳೆ ಕಾಣಿಸುತ್ತಿತ್ತು. ಯಾರೋ ಉಳುತ್ತಿದ್ದಾರೆ. ಯಾರು ಎಂದು ಕೇಳಿದ್ದಕ್ಕೆ ಅಧ್ಯಕ್ಷರು, ಕಾಲೋನಿಯವರು, ಅವರು ಏನೂ ಅನ್ನೋಲ್ಲ ಬಿಡಿ ಎಂದರು.

ಕಾಲೋನಿ ಎಂದರೆ ಊರಾಚೆಯ ಹತ್ತು ಹನ್ನೆರಡು ಮನೆ. ಅವಳು ನಕ್ಷೆ ಹಿಡಿದು ಆ ಕಡೆ ನಡೆದದ್ದೇ ತಡ, ಮನೆಮನೆಯಿಂದ ಜನ ಹೊರಗೆ ಬಂದರು. ಅವರ ಮುಖದಲ್ಲಿ ಕೋಪವಿರಲಿಲ್ಲ, ಅನುಮಾನವೂ ಇರಲಿಲ್ಲ. ಏನೋ ಒಳ್ಳೆಯ ಸುದ್ದಿ ಬಂದವರ ಹಾಗೆ ನಗುತ್ತಿದ್ದರು. ಪುಟ್ಟಲಿಂಗಮ್ಮ ಎಂಬ ನೆರೆಗೂದಲಿನ ಹೆಂಗಸು ಅವಳನ್ನು ತಟ್ಟನೆ ಗುರುತು ಹಿಡಿದಳು. ಅಯ್ನೋರ ಮಗಳಲ್ವ, ಜೀಪಿನಲ್ಲಿ ಬರುತ್ತಿದ್ದ ಕೂಸಲ್ವ ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ಆರು ವರ್ಷದ ಹಿಂದೆ ತೀರಿಕೊಂಡ ಗಂಡ ಜವರಪ್ಪನ ಪಟ. ಕುಡಿಯಲು ಮಜ್ಜಿಗೆ ಕೊಟ್ಟು, ಅಯ್ನೋರು ಇದೇ ಜಾಗದಲ್ಲಿ ಕೂತು ಮಜ್ಜಿಗೆ ಕುಡಿದಿದ್ದರು ಎಂದಳು. ತೊಂಬತ್ತಾರರಲ್ಲಿ ಊರಿನ ದೊಡ್ಡವರು ಯಾರೂ ಆ ಮನೆಗಳ ಹೊಸಿಲು ದಾಟುತ್ತಿರಲಿಲ್ಲ. ಸದಾಶಿವಯ್ಯ ದಾಟಿದ್ದರು, ಎರಡನೇ ಲೋಟ ಕೇಳಿ ಕುಡಿದಿದ್ದರು. ಕಾಲೋನಿಯವರು ಅದನ್ನು ಮರೆತಿರಲಿಲ್ಲ.

ಈ ನೆಲದ ವಿಷಯ ಊರಿನಲ್ಲಿ ಯಾರು ಮಾತಾಡಬೇಕು, ಯಾರ ಮಾತಿಗೆ ನೀವೆಲ್ಲ ಕಾಯುತ್ತೀರಿ ಎಂದು ಬಿಂದುಶ್ರೀ ತನ್ನ ಮಾಮೂಲಿ ಪ್ರಶ್ನೆ ಕೇಳಿದಳು.

"ಇನ್ಯಾರ್ದು ಕಣವ್ವ, ನಿಮ್ಮಪ್ಪಾರ್ದೇ," ಎಂದಳು ಪುಟ್ಟಲಿಂಗಮ್ಮ. "ಅವ್ರು ಯೋಳವ್ರೆ, ಮಾಡುಸ್ಕೊಡ್ತರೆ ಅಂತ ಕಾಯ್ಕಂಡು ಕುಂತಿವಿ. ಈಗ ಆಡ್ರು ಬಂದದಾ? ಅದ್ಕೆಯ ನಕ್ಸೆ ತಂದಿರದು?"

ಬಿಂದುಶ್ರೀ ಮಜ್ಜಿಗೆಯ ಲೋಟ ಕೆಳಗಿಟ್ಟು, ಯಾವ ಆರ್ಡರು ಎಂದು ಕೇಳಿದಳು.

ನಡೆದದ್ದು ಹೀಗೆ. ಸರ್ಕಾರಿ ನೆಲವನ್ನು ಅಪ್ಪಣೆಯಿಲ್ಲದೆ ಉಳುಮೆ ಮಾಡಿಕೊಂಡು ಬಂದ ಬಡವರು ಅರ್ಜಿ ಕೊಟ್ಟರೆ ಅವರ ಹೆಸರಿಗೇ ಮಾಡಿಕೊಡುವ ಕಾನೂನು ಒಂದಿದೆ. ಬಗರ್‌ಹುಕುಂ ಎನ್ನುತ್ತಾರೆ. ತೊಂಬತ್ತೊಂಬತ್ತರ ಏಪ್ರಿಲ್‌ಗೆ ಅರ್ಜಿ ಹಾಕುವ ಗಡುವು ಮುಗಿಯುವುದಿತ್ತು. ಕಾಲೋನಿಯ ಪ್ರತಿ ಮನೆಯೂ ಫಾರಂ ತುಂಬಿಸಿ ಇಟ್ಟುಕೊಂಡಿತ್ತು. ಆಗ ಸದಾಶಿವಯ್ಯ ಬಂದು, ಒಬ್ಬೊಬ್ಬರೇ ಅರ್ಜಿ ಕೊಡಬೇಡಿ ಎಂದರು. ಅರ್ಜಿ ಹೋಗುವುದು ಎದುರು ಪಕ್ಷದ ಶಾಸಕರ ಸಮಿತಿಗೆ, ಅವರು ತಿರಸ್ಕರಿಸಿಬಿಟ್ಟರೆ ಬಾಗಿಲು ಮುಚ್ಚಿದಂತೆ. ನಾನು ಮಂತ್ರಿಗಳಿಂದ ಒಟ್ಟಿಗೆ ಆದೇಶ ಮಾಡಿಸುತ್ತೇನೆ, ಊರಿನಲ್ಲೇ ಚಪ್ಪರ ಹಾಕಿಸಿ ಎಲ್ಲರಿಗೂ ಹಕ್ಕುಪತ್ರ ಕೊಡಿಸುತ್ತೇನೆ, ಎಂದರು. ಜವರಪ್ಪ ಅವರ ನೆಚ್ಚಿನ ಕಾರ್ಯಕರ್ತ. ಮನೆಮನೆಗೆ ಹೋಗಿ ಆ ಮಾತು ಮುಟ್ಟಿಸಿ, ತುಂಬಿದ ಫಾರಂಗಳನ್ನೆಲ್ಲ ಅವನೇ ವಾಪಸು ಇಸಿದುಕೊಂಡ. ಏಪ್ರಿಲ್ ಕಳೆಯಿತು. ಆದೇಶ ಬರಲಿಲ್ಲ. ಮರುವರ್ಷ ಸದಾಶಿವಯ್ಯ ಸೋತರು, ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಇವರು ಕಾಯುತ್ತಲೇ ಇದ್ದರು.

ದಾಖಲೆ ಯಾಕೆ ಅಷ್ಟು ಚೊಕ್ಕಟವಾಗಿತ್ತು ಎಂದು ಅವಳಿಗೆ ಈಗ ಗೊತ್ತಾಯಿತು. ತಾಲ್ಲೂಕು ಕಚೇರಿಯಲ್ಲಿ ಇನ್ನೊಂದು ವಿಷಯವೂ ಅವಳ ಕಣ್ಣಿಗೆ ಬಿದ್ದಿತ್ತು. ಪಕ್ಕದೂರಿನ ಬಡವರು ಅದೇ ಸಮಿತಿಗೆ ಅರ್ಜಿ ಕೊಟ್ಟಿದ್ದರು, ಹೆಚ್ಚುಕಡಿಮೆ ಎಲ್ಲರಿಗೂ ನೆಲ ಮಂಜೂರಾಗಿತ್ತು. ಪುಟ್ಟಲಿಂಗಮ್ಮನಿಗೆ ಅವಳು ಆದೇಶ ಬಂದಿಲ್ಲ ಎಂದಷ್ಟೇ ಹೇಳಿದಳು. ಒಂದು ಕಂಪನಿಯವರು ಈ ನೆಲ ನೋಡುತ್ತಿದ್ದಾರೆ, ಅಪ್ಪಾಜಿಯನ್ನು ಕೇಳಿಕೊಂಡು ಬರುತ್ತೇನೆ ಎಂದಳು. ಹಂಗಾದರೆ ಚಿಂತೆಯಿಲ್ಲ ಎಂದು ಆ ಹೆಂಗಸು ಬಸ್ ಸ್ಟಾಪಿನವರೆಗೂ ಬಂದು ಹತ್ತಿಸಿದಳು.

ಮನೆಗೆ ಬಂದು ಕೇಳಿದಾಗ ಸದಾಶಿವಯ್ಯ ಮೊದಲು ನೆನಪಿಲ್ಲ ಎಂದರು. ಆಮೇಲೆ ಆ ಶಾಸಕನ ಜಾತಕ ಬಿಡಿಸಿದರು. ಅವನ ಕೈಯಲ್ಲಿ ಹಂಚಿಕೆಯಾದರೆ ಓಟೆಲ್ಲ ಅವನ ಪಾಲು, ಅದೂ ನನ್ನ ಊರಿನಲ್ಲಿ ಎಂದರು. ಮಂತ್ರಿಗಳು ಮಾತು ಕೊಟ್ಟಿದ್ದು ನಿಜ, ಸುಳ್ಳಲ್ಲ ಎಂದರು. ಅದು ಸುಳ್ಳಲ್ಲ ಎಂದು ಬಿಂದುಶ್ರೀಗೂ ಗೊತ್ತು. ಅಪ್ಪ ಮೋಸಗಾರರಲ್ಲ. ಚಪ್ಪರದ ಕೆಳಗೆ ತಾನು ನಿಂತು ಪತ್ರ ಹಂಚುವ ಆ ಒಂದು ದಿನದ ಆಸೆ ಅವರ ಕಣ್ಣು ಕಟ್ಟಿತ್ತು, ಅಷ್ಟೇ. ಆದರೆ ಆ ಅಷ್ಟರಲ್ಲೇ ಹತ್ತು ಹನ್ನೆರಡು ಮನೆಯವರ ನೆಲ ಹೋಗುವುದರಲ್ಲಿತ್ತು.

ಗಡುವು ಮುಗಿದ ಮೇಲಾದರೂ ಅವರಿಗೆ ಹೋಗಿ ಹೇಳಿದಿರಾ ಎಂದು ಕೇಳಿದಳು. ಅವರು ಪೇಪರು ಮಡಿಸಿ, ಮತ್ತೆ ಬಿಡಿಸಿ, ಎತ್ತಲೋ ನೋಡಿದರು. ಪ್ರೇಮಲೀಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಯಾವ ಮುಖ ಇಟ್ಕೊಂಡು ಹೇಳ್ತಾರೆ ಬಿಡೇ, ಮುಂದಿನ ವರ್ಷ ಚುನಾವಣೆ ಇತ್ತಲ್ಲ," ಎಂದು ಒಳಗೆ ಹೋದರು.

ಆಫೀಸಿನಲ್ಲಿ ಅವಳು ರುದ್ರಸ್ವಾಮಿಗಳಿಗೆ ಎಲ್ಲವನ್ನೂ ಬಿಚ್ಚಿ ಹೇಳಿದಳು. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ಪಾಪ ಎಂದರು. ನಿಜವಾಗಿಯೂ ಪಾಪ ಎನಿಸಿತ್ತು ಅವರಿಗೆ. ಆದರೆ ಬರೀ ಪಾಪ ಎಂದರೆ ಬೆಂಗಳೂರಿನವರು ಕೆಂಪು ಗುರುತು ಹಾಕಲು ಬಿಡುವುದಿಲ್ಲ, ನಾಳೆ ಒಬ್ಬ ವಕೀಲ ಹಿಡಿದುಕೊಂಡು ಕೋರ್ಟಿಗೆ ಹೋಗುವಂಥ ಆಧಾರ ಏನಾದರೂ ಬೇಕು ಎಂದರು. ಸ್ವಲ್ಪ ಯೋಚಿಸಿ ಒಂದು ದಾರಿಯನ್ನೂ ಅವರೇ ತೋರಿಸಿದರು. ಈ ಜನ ಎಂಬತ್ತರ ದಶಕದಿಂದ ಉಳುತ್ತಿದ್ದಾರೆ, ಅರ್ಜಿ ಕೊಡಲು ಹೊರಟವರನ್ನು ನಾನೇ ತಡೆದೆ, ನನ್ನ ಮಾತು ನಂಬಿ ಅವರು ಗಡುವು ತಪ್ಪಿಸಿಕೊಂಡರು ಎಂದು ಆಗಿನ ಸದಸ್ಯರೇ ನೋಟರಿಯ ಮುಂದೆ ಪ್ರಮಾಣ ಮಾಡಿ ಸಹಿ ಹಾಕಿದರೆ, ಕಂಪನಿಯ ವಕೀಲರು ಬೆಚ್ಚಿಬೀಳುತ್ತಾರೆ. ಈ ಜಾಗದ ಸಹವಾಸವೇ ಬೇಡ ಎಂದು ಚಾಮರಾಜನಗರದ ಕಡೆ ಹೋಗುತ್ತಾರೆ. ಶುಕ್ರವಾರ ವರದಿ ಕಳಿಸಬೇಕು, ಅಷ್ಟರೊಳಗೆ ತಂದುಬಿಡಮ್ಮ ಎಂದರು.

ಅಂದರೆ ಅಪ್ಪನ ಒಂದು ಸಹಿಯಿಂದ ಆ ನೆಲ ಉಳಿಯುತ್ತಿತ್ತು. ಆ ಸಹಿ ಮಾತ್ರ ನನ್ನಿಂದ ತಪ್ಪಾಯಿತು ಎನ್ನುವುದರ ಕೆಳಗೆ ಬೀಳಬೇಕಿತ್ತು.

ಅವತ್ತು ಸಂಜೆ ಅವಳು ಅಪ್ಪನ ಪಕ್ಕ ಸ್ಟೂಲು ಎಳೆದುಕೊಂಡು ಕೂತು ನಿಧಾನವಾಗಿ ಹೇಳಿದಳು. ಸದಾಶಿವಯ್ಯ ಪೂರ್ತಿ ಕೇಳಿಸಿಕೊಂಡರು. ಸಿಟ್ಟಾಗಲಿಲ್ಲ. ಎರಡು ದಿನ ಟೈಮ್ ಕೊಡು ಎಂದರು. ಆ ಎರಡು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ, ರೇಡಿಯೋ ಹಾಕಲಿಲ್ಲ. ಅಪ್ಪ ತನ್ನೊಳಗೆ ಗುದ್ದಾಡುತ್ತಿದ್ದಾರೆ, ಗೆದ್ದೇ ಗೆಲ್ಲುತ್ತಾರೆ ಎಂದು ಅವಳು ನಂಬಿದಳು. ಮಜ್ಜಿಗೆ ಕುಡಿದ ಮನುಷ್ಯನಲ್ಲವೇ.

ಶುಕ್ರವಾರ ಬೆಳಗ್ಗೆ ಅವರು ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು, ಹಳೆಯ ಲೆಟರ್‌ಹೆಡ್ಡಿನಲ್ಲಿ ತಾವೇ ಕೈಯಾರೆ ಬರೆದದ್ದನ್ನು ಹಿಡಿದು ಹೊರಗೆ ಬಂದರು. ನಿಂತುಕೊಂಡೇ ಓದಿದರು. ಬಡವರ ಹೊಟ್ಟೆಯ ಮೇಲೆ ಹೊಡೆಯುವ ಈ ಯೋಜನೆಯನ್ನು ಕೈಬಿಡದಿದ್ದರೆ ತಮ್ಮ ನೇತೃತ್ವದಲ್ಲಿ ಇಡೀ ಹೋಬಳಿಯ ಜನತೆ ಬೀದಿಗಿಳಿದು ಉಗ್ರ ಹೋರಾಟ ನಡೆಸುವುದಾಗಿಯೂ, ಮುಂದಾಗುವ ಅನಾಹುತಗಳಿಗೆ ಕಂಪನಿಯೇ ಹೊಣೆಯೆಂದೂ ಬರೆದಿದ್ದರು. ಓದುತ್ತ ಓದುತ್ತ ಅವರ ದನಿಗೆ ಹಳೆಯ ಗತ್ತು ಬಂತು, ಬೆನ್ನು ನೆಟ್ಟಗಾಯಿತು. ಅರ್ಜಿಯ ವಿಷಯ ಒಂದಕ್ಷರವೂ ಇರಲಿಲ್ಲ.

ಇದು ಆಗುವುದಿಲ್ಲ ಅಪ್ಪಾಜಿ ಎಂದಳು ಬಿಂದುಶ್ರೀ.

"ನನ್ನ ಹೆಸರು ನೋಡಿದ್ರೆ ಸಾಕು ಕಣಮ್ಮ, ಹೆದರ್ಕೊಂಡು ಓಡ್ತಾರೆ. ಸದಾಶಿವಯ್ಯ ಅಂದ್ರೆ ಏನು ಅಂತ ನಿಮ್ಮ ಸಾಹೇಬರಿಗೆ ಗೊತ್ತಿಲ್ಲ, ಕೇಳಿ ತಿಳ್ಕೊಳ್ಳಲಿ."

ಆಗ ಅವಳು ಹೇಳಬಹುದಿತ್ತು. ನಿಮ್ಮ ಹೆಸರಿಗೆ ಯಾರೂ ಹೆದರುವುದಿಲ್ಲ ಎಂದು ಒಂದು ಮಾತು ಅಂದಿದ್ದರೆ ಅವರು ಕುಸಿಯುತ್ತಿದ್ದರೇನೋ, ಕುಸಿದ ಮೇಲೆ ಸಹಿ ಹಾಕುತ್ತಿದ್ದರೇನೋ. ಅಪ್ಪನ ನೆಟ್ಟಗಾದ ಬೆನ್ನನ್ನು ನೋಡಿ ಅವಳ ನಾಲಿಗೆ ಏಳಲಿಲ್ಲ. ಪತ್ರ ಇಸಿದುಕೊಂಡು ಸ್ಕೂಟಿ ಹತ್ತಿದಳು. ಎಷ್ಟೋ ವರ್ಷಗಳ ಮೇಲೆ ಅಪ್ಪ ಗೇಟಿನವರೆಗೂ ಬಂದು ಅವಳನ್ನು ಬೀಳ್ಕೊಟ್ಟರು.

ವರದಿಯಲ್ಲಿ ಅವಳು ಕಾಲೋನಿಯವರ ಕಥೆಯನ್ನು ಬಿಡದೆ ಬರೆದಳು, ಅಪ್ಪನ ಪತ್ರವನ್ನೂ ಜೊತೆಗಿಟ್ಟು ಅವರ ಹೆಸರಿನ ಮುಂದೆ ಹಳದಿ ಹಾಕಿದಳು. ಸೋಮವಾರ ಬೆಂಗಳೂರಿನಿಂದ ಫೋನು ಬಂತು. ರುದ್ರಸ್ವಾಮಿಗಳು ಎದ್ದು ನಿಂತು, ಅವಳಿಗೂ ಕೇಳಲೆಂದು ಸ್ಪೀಕರ್ ಹಾಕಿದರು. ಸೀಗೆಹುಂಡಿಯ ಪತ್ರ ಬರೆದವರು ಯಾರ ತಂದೆ ಎಂದು ಆ ಕಡೆಯ ಹುಡುಗನಿಗೆ ಗೊತ್ತಿರಲಿಲ್ಲ. ಅವನು ಪಂಚಾಯಿತಿಗೆ, ಎರಡು ಪಕ್ಷದ ಕಚೇರಿಗೆ, ಒಬ್ಬ ಪತ್ರಕರ್ತರಿಗೆ ಫೋನು ಮಾಡಿ ವಿಚಾರಿಸಿದ್ದನಂತೆ. ಹಿಂದೆ ಯಾವಾಗಲೋ ಸದಸ್ಯರಾಗಿದ್ದವರು, ಈಗ ಕರೆದರೆ ಇಬ್ಬರೂ ಬರುವುದಿಲ್ಲ ಎಂದು ಎಲ್ಲರೂ ಅಂದರಂತೆ. ಒಬ್ಬರಂತೂ ಅವರಿನ್ನೂ ಇದ್ದಾರೆಯೇ ಎಂದು ಕೇಳಿದರಂತೆ. ಹುಡುಗ ಅದನ್ನು ಹೇಳಿ ನಕ್ಕ. ಕೆಟ್ಟ ನಗುವಲ್ಲ, ಕೆಲಸದ ನಡುವಿನ ಸಾಮಾನ್ಯ ನಗು. ಕಾಲೋನಿಯವರು ಇವತ್ತಿನವರೆಗೆ ಎಲ್ಲಿಯೂ ತಕರಾರು ಹಾಕಿಲ್ಲವಲ್ಲ, ಅದೂ ಹಸಿರೇ ಎಂದ. ಹಳದಿ ತಿದ್ದಿ ಕಳಿಸಿ ಎಂದು ಫೋನಿಟ್ಟ.

ರುದ್ರಸ್ವಾಮಿಗಳು ಅವಳ ಮುಖ ನೋಡಲಾರದೆ, ನಾನೇ ತಿದ್ದುತ್ತೇನೆ, ನೀನು ಮನೆಗೆ ಹೋಗಮ್ಮ ಎಂದರು. ಬೇಡ ಸಾರ್ ಎಂದು ಅವಳೇ ಕೂತಳು. ಸದಾಶಿವಯ್ಯ, ಮಾಜಿ ಸದಸ್ಯರು, ಪ್ರಭಾವ ಇಲ್ಲ ಎಂದು ಬರೆದು ಹಸಿರು ಮಾಡಿದಳು. ಬರೆದದ್ದು ನಿಜವೇ ಆಗಿತ್ತು, ಅದಕ್ಕೇ ಅಷ್ಟು ಅಳು ಬಂದದ್ದು. ಮಹಡಿಯ ಮೆಟ್ಟಿಲ ಮೇಲೆ ಕೂತು ಅತ್ತು ಮುಖ ತೊಳೆದುಕೊಂಡು ಮನೆಗೆ ಹೋದಳು. ಪತ್ರ ತಲುಪಿತೇ ಎಂದು ಅಪ್ಪ ಕೇಳಿದರು. ತಲುಪಿತು ಎಂದಳು. ಅವರು ತೃಪ್ತಿಯಿಂದ ತಲೆಯಾಡಿಸಿದರು.

ಮೇ ತಿಂಗಳಲ್ಲಿ ಗುತ್ತಿಗೆಯ ಆದೇಶವಾಯಿತು. ಜೂನ್ ಮೊದಲ ವಾರ, ಬಿತ್ತನೆಗೆ ನೆಲ ಹದವಾಗುವ ಹೊತ್ತಿಗೆ, ಗೋಮಾಳದ ಸುತ್ತ ಕಲ್ಲುಕಂಬ ನೆಟ್ಟು ತಂತಿ ಎಳೆದರು. ಕಾಲೋನಿಯವರು ಮೊದಲ ದಿನ ತಂತಿಯ ಈಚೆ ನಿಂತು ನೋಡಿದರು. ಬಿಂದುಶ್ರೀ ಆ ಹೊತ್ತಿಗೆ ಕೆಲಸ ಬಿಟ್ಟಿದ್ದಳು. ಬಿಟ್ಟದ್ದರಿಂದ ಯಾರಿಗೂ ಏನೂ ಆಗಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಪುಟ್ಟಲಿಂಗಮ್ಮ ಚಾಮರಾಜಪುರಂಗೆ ಬಂದಳು. ವಿದ್ಯಾರಣ್ಯಪುರಂನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ಅವಳ ಮಗ ಪ್ರೇಮ್‌ಕುಮಾರ್ ಬೈಕಿನಲ್ಲಿ ಕರೆತಂದಿದ್ದ. ಅವನು ಗೇಟಿನೊಳಗೆ ಕಾಲಿಡಲಿಲ್ಲ, ಬೈಕಿಗೆ ಒರಗಿ ರಸ್ತೆಯ ಕಡೆ ಮುಖ ಮಾಡಿ ನಿಂತ. ಸದಾಶಿವಯ್ಯನವರಿಗೆ ಮೊದಲು ಕಂಡದ್ದು ತಮ್ಮನ್ನು ಹುಡುಕಿಕೊಂಡು ಯಾರೋ ಬಂದಿದ್ದಾರೆ ಎಂಬುದೊಂದೇ. ಮುಖ ಅರಳಿತು. ಬಾ ಪುಟ್ಟಲಿಂಗಮ್ಮ, ಮೇಲೆ ಕೂತ್ಕೋ, ಎಂದು ಬೆಂಚು ತೋರಿಸಿ, ಒಳಗೆ ಕಾಫಿಗೆ ಕೂಗಿದರು. ಅವಳು ಬಾಯಿ ತೆರೆಯುವ ಮುಂಚೆಯೇ ನಾಳೆ ಡಿ.ಸಿ.ಯವರನ್ನು ಕಾಣುತ್ತೇನೆ, ವಕೀಲರನ್ನು ಹಿಡಿಯುತ್ತೇನೆ, ಧರಣಿ ಕೂರೋಣ ಎಂದು ಶುರುಮಾಡಿದರು. ಬಿಂದುಶ್ರೀ ಬಾಗಿಲಿಗೆ ಬಂದು ನಿಂತಳು.

ಪುಟ್ಟಲಿಂಗಮ್ಮ ತಾಳ್ಮೆಯಿಂದ ಕೇಳಿಸಿಕೊಂಡಳು. ನೆಲದ ವಿಷಯಕ್ಕೆ ತಾನು ಬಂದಿಲ್ಲ, ಅದು ಹೋಯಿತು ಎಂದು ಎಲ್ಲರಿಗೂ ಗೊತ್ತಾಗಿದೆ ಎಂದಳು. ಬಂದದ್ದು ಬೇರೆ ಕಾರಣಕ್ಕೆ. ತಂತಿ ಬಿದ್ದ ದಿನದಿಂದ ಕಾಲೋನಿಯಲ್ಲಿ ಜವರಪ್ಪನ ಹೆಸರು ಬಾಯಿಗೆ ಬಂದಂತೆ ಆಡುತ್ತಿದ್ದರು. ಮನೆಮನೆಗೆ ಬಂದು ಫಾರಂ ಇಸಿದುಕೊಂಡು ಹೋದವನು ಅವನೇ, ಯಾರ ಹತ್ತಿರವೋ ತಿಂದು ನಮ್ಮ ಮಕ್ಕಳ ಅನ್ನಕ್ಕೆ ಮಣ್ಣು ಹಾಕಿದ ಎನ್ನುತ್ತಿದ್ದರು. ಅಣ್ಣತಮ್ಮಂದಿರ ಮನೆಯವರೇ ಅವಳ ಜೊತೆ ಮಾತು ಬಿಟ್ಟಿದ್ದರು. ನೀರಿಗೆ ಹೋದರೆ ಎದ್ದು ಹೋಗುತ್ತಿದ್ದರು. ಸತ್ತವನನ್ನು ಅನ್ನುತ್ತಾರಲ್ಲ, ಅದು ತಡೆಯಲಾಗದೆ ಬಂದೆ ಎಂದಳು.

"ಒಂದೇ ಒಂದ್ ಮಾತ ಕೇಳ್ತಿನಿ ಅಯ್ನೋರೆ. ಆವತ್ತೇ ಅರ್ಜಿ ಕೊಟ್ಟಿದ್ರೆ, ನಮ್ಗೆ ನೆಲ ಸಿಕ್ತಿತ್ತಾ?"

ಕಾಫಿ ತಂದ ಪ್ರೇಮಲೀಲಾ ತಟ್ಟೆ ಹಿಡಿದುಕೊಂಡೇ ನಿಂತರು. ಸದಾಶಿವಯ್ಯ ಮಗಳ ಕಡೆ ನೋಡಿದರು. ಪಕ್ಕದೂರಿನವರಿಗೆಲ್ಲ ಮಂಜೂರಾದದ್ದು ಮಗಳಿಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. ಅಪ್ಪ ಈಗಲೂ ಶಾಸಕನನ್ನು ಬಯ್ಯುತ್ತಾರೆ, ಮಂತ್ರಿಯನ್ನು ಬಯ್ಯುತ್ತಾರೆ ಎಂದುಕೊಂಡಳು ಅವಳು. ಅವರು ಕುರ್ಚಿಯ ಕೈ ಹಿಡಿದು ಎದ್ದು, ಪುಟ್ಟಲಿಂಗಮ್ಮನ ಮುಂದೆ ನಿಂತರು.

"ಸಿಕ್ತಿತ್ತು," ಎಂದರು. "ಎಲ್ಲಾರಿಗೂ ಸಿಕ್ತಿತ್ತು. ಜವರಪ್ಪಂದು ಏನೂ ತಪ್ಪಿಲ್ಲ. ನಾನು ಕೊಡಬೇಡಿ ಅಂದೆ, ಅವನು ನನ್ನ ನಂಬಿದ."

ಹತ್ತು ವರ್ಷದ ಮೇಲೆ ಆ ಮಾತು ಅವರ ಬಾಯಿಂದ ಬಂತು. ಬಿಂದುಶ್ರೀಗೆ ಎದೆಯ ಮೇಲಿಂದ ಕಲ್ಲು ಇಳಿಸಿದ ಹಾಗಾಯಿತು. ಅಪ್ಪ ಕೊನೆಗೂ ಗೆದ್ದರು ಎಂದುಕೊಂಡಳು, ಕಣ್ಣು ತುಂಬಿ ಬಂತು. ಆದರೆ ಪುಟ್ಟಲಿಂಗಮ್ಮನ ಮುಖ ನೋಡಿದಾಗ ಅವಳಿಗೆ ದಿಗಿಲಾಯಿತು. ಆ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೆಂಚಿನ ಅಂಚಿಗೆ ಸರಿದಿದ್ದಳು. ಅವಳು ಇಷ್ಟು ದೂರ ಬಂದದ್ದು ಈ ಉತ್ತರಕ್ಕಲ್ಲ.

"ಇಲ್ಲ ಅನ್ಬೋದಿತ್ತಲ್ಲ ಅಯ್ನೋರೆ," ಎಂದಳು. "ಕೊಟ್ಟಿದ್ರೂ ಸಿಕ್ತಿರ್ನಿಲ್ಲ ಅಂತ ನಿಮ್ ಬಾಯಲ್ಲಿ ಒಂದ್ ಮಾತ್ ಕೇಳ್ಕಂಡೋಗಿ, ಎಲ್ಲಾರ್‌ಗೂ ಯೋಳನ ಅಂತ ಬಂದೆ. ಈಗ ಏನಂತ ಯೋಳ್ಲಿ? ನನ್ ಗಂಡ ಇಸ್ಕಂಡೋದ ಫಾರಂಗೆ ನೆಲ ಬತ್ತಿತ್ತು ಅಂತ ಯೋಳ್ಲಾ?"

ನಾನೇ ಬರುತ್ತೇನೆ, ಈಗಲೇ ಬರುತ್ತೇನೆ, ಕಾಲೋನಿಯ ನಡುವೆ ನಿಂತು ಎಲ್ಲರ ಮುಂದೆ ತಪ್ಪು ನನ್ನದು ಎಂದು ಹೇಳುತ್ತೇನೆ, ಎಂದರು ಸದಾಶಿವಯ್ಯ. ಚಪ್ಪಲಿ ಹುಡುಕಲು ಬಗ್ಗಿದರು. ಕೇಳಿಸಿಕೊಂಡವರಿಗೆ ಅದು ಬಾಯಿಮಾತಲ್ಲ ಎಂದು ತಿಳಿಯುತ್ತಿತ್ತು, ಅವರು ನಿಜವಾಗಿ ಹೊರಟಿದ್ದರು.

ಪುಟ್ಟಲಿಂಗಮ್ಮ ಎದ್ದು ಅವರನ್ನು ತಡೆದಳು. ಅವಳಿಗೆ ಅವರ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಬಿಂದುಶ್ರೀ ತಡೆದುಕೊಳ್ಳುತ್ತಿದ್ದಳು.

"ಬುಡಿ ಅಯ್ನೋರೆ, ಈ ವಯಸ್ನಲ್ಲಿ ಯಾಕ್ ಬತ್ತಿರಿ," ಎಂದಳು. "ಈಗ ನಿಮ್ ಮಾತ ಅಲ್ಲಿ ಯಾರ್ ಕೇಳ್ತರೆ."

ಕಾಫಿ ಮುಟ್ಟದೆ ಅವಳು ಮೆಟ್ಟಿಲಿಳಿದಳು. ಪ್ರೇಮ್‌ಕುಮಾರ್ ಬೈಕ್ ಚಾಲೂ ಮಾಡಿ, ತಾಯಿ ಸೀರೆ ಸರಿಮಾಡಿಕೊಂಡು ಕೂರುವವರೆಗೆ ಕಾದ. ಸದಾಶಿವಯ್ಯ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋಗಿದ್ದರು. ಬೈಕು ತಿರುವಿನಲ್ಲಿ ಮರೆಯಾದ ಮೇಲೂ ಅಲ್ಲೇ ನಿಂತಿದ್ದರು. ಒಳಗೆ ಬನ್ನಿ ಅಪ್ಪಾಜಿ ಎಂದು ಬಿಂದುಶ್ರೀ ಹೋಗಿ ತೋಳು ಹಿಡಿದಳು. ಅವರು ಬರಲಿಲ್ಲ.